ಅಪ್‌ಡೇಟ್: ಆರ್‌ಎಸಿ ಟಿಕೆಟಲ್ಲಿ ದಾವಣಗೆರೆಯಿಂದ ಮುಂಬೈಗೆ ಹತ್ತಬಹುದಾ?

ರೈಲಿನ ಸ್ಲೀಪರ್ ಟಿಕೆಟ್ ಆರ್‌ಎಸಿಗೇ (ಪೂರ್ತಿ ಬರ್ತ್ ಸಿಗದೆ, ಕೂರೋ ಜಾಗ ಮಾತ್ರ ಖಾತ್ರಿ ಇರೋ ಟಿಕೆಟ್) ನಿಂತಿದೆ, ಏನ್ಮಾಡ್ಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟೋರಿಗೆಲ್ಲ ಥ್ಯಾಂಕ್ಸ್. ಧಾರಾಳವಾಗಿ ಹತ್ತಬಹುದು.

ಚಾರ್ಟ್ (ಯಾರಿಗೆ ಯಾವ ಸೀಟು ಅನ್ನೋ ಪಟ್ಟಿ) ಆದ್ಮೇಲೂ ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ತಾನಾಗೇ ರದ್ದಾಗಿ ದುಡ್ಡು ವಾಪಸ್ ಬರುತ್ತೆ. ಆರ್‌ಎಸಿ ಹಾಗಲ್ಲ: ಸೈಡ್ ಲೋಯರ್ ಬರ್ತ್‌ನಲ್ಲಿ (ನಂಬರ್ 7, 15, 23, ಹೀಗೆ) ಇಬ್ಬರಿಗೆ ಕೂರೋ ಜಾಗ ಖಾತ್ರಿ. ಎರಡೂ ಸೀಟಿನ ಬೆನ್ನು ಕೆಳಗೆ ಮಡಚಿದ್ರೆ ಅದೇ ಬರ್ತ್, ಆದ್ರೆ ಇಬ್ರೂ ಕಾಲು ಮುದುರಿಕೊಂಡೇ ರಾತ್ರಿ ಕಳೀಬೇಕು. ಅದಕ್ಕೇ ಹತ್ತಿದ ಕೂಡಲೇ ಟಿಟಿಇ (ಟಿಕೆಟ್ ಚೆಕ್ ಮಾಡೋರು) ಹತ್ರ ಹೇಳಿಡಿ; ಯಾರಾದ್ರೂ ಬಾರದೆ ಖಾಲಿಯಾದ ಬರ್ತ್ ಮೊದಲು ಆರ್‌ಎಸಿಯವರಿಗೇ ಸಲ್ಲಬೇಕು.

ಗಾಡಿ ಇಲ್ಲಿ ನಿಲ್ಲೋದು ಸ್ವಲ್ಪವೇ ಹೊತ್ತು. ಎಸ್ (ಸ್ಲೀಪರ್) ಬೋಗಿ ಬರೋ ಜಾಗದಲ್ಲಿ ಮೊದಲೇ ನಿಂತಿರಿ. ಲಗೇಜಿಗೆ ಸರಪಳಿ-ಬೀಗ, ಜೊತೆಗೆ ಒರಿಜಿನಲ್ ಐಡಿ.