ಸಾಮಾನ್ಯ ಸಭೆಯಲ್ಲಿ ಜಮಾ-ಖರ್ಚಿಗೆ ಒಪ್ಪಿಗೆ ಕೊಡೋ ಮುಂಚೆ ಏನೇನು ನೋಡಬೇಕು?

ವಾರ್ಡ್ ಸದಸ್ಯೆ:
ಗ್ರಾಮ ಪಂಚಾಯಿತಿಗೆ ಮೊದಲ ಸಲ ಆಯ್ಕೆಯಾಗಿದ್ದೀನಿ. ಸಭೆಯಲ್ಲಿ ಜಮಾ-ಖರ್ಚು ಗಡಿಬಿಡಿಯಲ್ಲಿ ಓದ್ತಾರೆ, ಎಲ್ಲರೂ "ಒಪ್ಪಿದೆ" ಅಂತಾರೆ, ಆಮೇಲೆ ಪುಸ್ತಕ ಸಹಿಗೆ ಬರುತ್ತೆ. ಸಿಸಿ (ಸಿಮೆಂಟ್ ಕಾಂಕ್ರೀಟ್) ರಸ್ತೆ ಬಿಲ್ಲು, ಬ್ಲೀಚಿಂಗ್ ಪೌಡರ್ ಬಿಲ್ಲು ಸರಿಯಾಗಿವೆಯೋ ಇಲ್ಲವೋ ಒಬ್ಬ ಸದಸ್ಯೆ ಹೇಗೆ ತಿಳ್ಕೊಳ್ಳೋದು? ಇನ್ನೊಂದು ವಿಷಯ, ಅಧ್ಯಕ್ಷೆಯವರ ಡಾಂಗಲ್, ಅಂದರೆ ಪಾವತಿಗೆ ಡಿಜಿಟಲ್ ಸಹಿ ಹಾಕೋ ಪೆನ್‌ಡ್ರೈವ್‌ನಂಥದ್ದು, ಕಂಪ್ಯೂಟರ್ ಆಪರೇಟರ್ ಮೇಜಿನ ಡ್ರಾದಲ್ಲೇ ಇರುತ್ತೆ. ಅದು ಸರೀನಾ?

ಹಳೇ ಲೆಕ್ಕ:
ಮೇಡಂ, ಮೊದಲು ಸಭಾ ನೋಟಿಸಿನಿಂದ ಶುರು ಮಾಡಿ. ಸಾಮಾನ್ಯ ಸಭೆಗೆ ಪೂರ್ತಿ 7 ದಿನ ಮುಂಚೆ, ವಿಶೇಷ ಸಭೆಗೆ 3 ದಿನ ಮುಂಚೆ ಅಜೆಂಡಾ ಸಮೇತ ನೋಟಿಸ್ ಕೈಗೆ ಬರಬೇಕು. ನೋಟಿಸಿನ ಮೇಲೆ ಅದು ನಿಮಗೆ ತಲುಪಿದ ದಿನಾಂಕವನ್ನು ನೀವೇ ಬರೆದು ಸಹಿ ಮಾಡಿ. ಅಜೆಂಡಾದ ಕೊನೆಯಲ್ಲಿ "ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು" ಅಂತ ಒಂದು ಸಾಲು ಇರುತ್ತಲ್ಲ, ಸಭೆಯಲ್ಲಿ ಚರ್ಚೆಗೇ ಬಾರದ ಠರಾವು ನುಸುಳೋದು ಅಲ್ಲೇ. ಹಾಜರಿ ಪುಸ್ತಕದ ಸಹಿ ಬಂದದ್ದಕ್ಕೆ ಮಾತ್ರ. ನಡವಳಿಗೆ (ಸಭೆಯ ತೀರ್ಮಾನ ಬರೆಯೋ ಪುಸ್ತಕಕ್ಕೆ) ಸಹಿ ಹಾಕುವಾಗ ಠರಾವುಗಳ ನಡುವೆ ಖಾಲಿ ಜಾಗ ಬಿಟ್ಟಿದ್ದರೆ ಅಡ್ಡಗೆರೆ ಎಳೆಸಿ. ಯಾವುದಕ್ಕೆ ಒಪ್ಪಿಗೆ ಇಲ್ಲವೋ ಅದಕ್ಕೆ "ನನ್ನ ವಿರೋಧ ದಾಖಲಿಸಿ" ಅಂತ ಅಲ್ಲೇ ಹೇಳಿ ಬರೆಸಿ. ಹೊರಗೆ ಬಂದು ಹೇಳಿದರೆ ಅದು ಲೆಕ್ಕಕ್ಕಿಲ್ಲ.

ಇನ್ನು ದುಡ್ಡಿನ ವಿಷಯ. ಮನೆ ಕಂದಾಯ 1,000 ರೂಪಾಯಿ ಇದ್ದರೆ ಅದರ ಮೇಲೆ ಆರೋಗ್ಯ ಕರ ಶೇ. 15, ಶಿಕ್ಷಣ 10, ಗ್ರಂಥಾಲಯ 6, ಭಿಕ್ಷುಕರ ಕರ 3 ಸೇರಿ ಮಾಲೀಕರು ಕಟ್ಟೋದು 1,340. ಆ 340 ಪಂಚಾಯಿತಿಯದ್ದಲ್ಲ, ಬೇರೆಯವರಿಗೆ ಸಂದಾಯವಾಗಬೇಕಾದ ದುಡ್ಡು. ಜಮಾ ಕಡೆ ಇಡೀ 1,340 ತೋರಿಸಿ, ಅದನ್ನೇ ಮೋಟಾರ್ ರಿಪೇರಿಗೆ ಖರ್ಚು ಮಾಡಿಬಿಟ್ಟರೆ ಆಡಿಟ್ ಆಕ್ಷೇಪಣೆ ಖಂಡಿತ. ಸ್ವಂತ ಸಂಪನ್ಮೂಲದಲ್ಲಿ ಪರಿಶಿಷ್ಟರಿಗೆ ತೆಗೆದಿಡುವ ಶೇ. 25, ಅಂಗವಿಕಲರಿಗೆ ಇಡುವ ಶೇ. 5 ಎಲ್ಲಿ ಖರ್ಚಾಯಿತು ಅಂತ ಹೆಸರು, ಕೆಲಸ ಸಮೇತ ಕೇಳಿ. ಊರಿಗೆಲ್ಲ ಉಪಯೋಗವಾಗುವ ಕೆಲಸವನ್ನು ಆ ಲೆಕ್ಕದಲ್ಲಿ ತೋರಿಸೋದು ಅನ್ಯಾಯ. ಆ ದುಡ್ಡು ತಲುಪಬೇಕಾದವರು ಸಭೆಯಲ್ಲಿ ಕೇಳೋಕೆ ಇರೋದಿಲ್ಲ, ಅವರ ಪರವಾಗಿ ನೀವೇ ಕೇಳಬೇಕು.

15ನೇ ಹಣಕಾಸು ಆಯೋಗದ (2021–26) ಅನುದಾನದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ಉಳಿದ 40 ಸ್ಥಳೀಯ ಅಗತ್ಯಕ್ಕೆ. ಆ 40ರಲ್ಲೂ ಸಂಬಳ ಕೊಡುವಂತಿರಲಿಲ್ಲ.

ಬಿಲ್ ಕಲೆಕ್ಟರ್ ವಸೂಲಿ ನೋಡೋಕೆ ಒಂದೇ ದಾರಿ ಸಾಕು: ಕೊನೆಯ ರಸೀದಿಯ ನಂಬರು ಮತ್ತು ತಾರೀಖನ್ನು ಬ್ಯಾಂಕ್ ಚಲನ್ ತಾರೀಖಿನ ಪಕ್ಕ ಇಡಿ. ನಡುವೆ ಎಷ್ಟು ದಿನದ ಅಂತರ ಇದೆಯೋ ಅಷ್ಟು ದಿನ ದುಡ್ಡು ಯಾರದೋ ಜೇಬಿನಲ್ಲಿತ್ತು. ಡಿಸಿಬಿ ಪಟ್ಟಿಯಲ್ಲಿ (ತೆರಿಗೆ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ) ದೊಡ್ಡ ಬಾಕಿದಾರರು ಹತ್ತು ಜನರ ಹೆಸರು ಓದಿಸಿ. ಬಡವರ ನೂರಿನ್ನೂರು ಬಾಕಿ ಹಿಂದೆ ಓಡೋದಕ್ಕಿಂತ ಅದು ಮುಖ್ಯ.

ಅಳತೆ ಟೇಪು:
ರಸ್ತೆ ಬಿಲ್ಲಿಗೆ ಎಂಬಿ ನೋಡಲೇಬೇಕು, ಅಂದರೆ ಎಂಜಿನಿಯರ್ ಬರೆಯೋ ಅಳತೆ ಪುಸ್ತಕ. ಉದ್ದ 100 ಮೀ, ಅಗಲ 3 ಮೀ, ದಪ್ಪ 0.15 ಮೀ ಅಂತಿದ್ದರೆ 45 ಘನ ಮೀಟರ್. ಕೆಲಸದಲ್ಲಿ ದಪ್ಪ 10 ಸೆಂ.ಮೀ. ಮಾತ್ರ ಇದ್ದರೆ 30 ಘನ ಮೀಟರ್ ಆಯ್ತು, ಮೂರರಲ್ಲಿ ಒಂದು ಪಾಲು ಕಾಂಕ್ರೀಟ್ ಬಿದ್ದೇ ಇಲ್ಲ. ಉದ್ದ ಅಗಲ ಎಲ್ಲರೂ ಅಳೀತಾರೆ, ಮೋಸ ಆಗೋದು ದಪ್ಪದಲ್ಲಿ. ಅಂಚಿನಲ್ಲಿ ನೋಡಿ ನಂಬಬೇಡಿ, ಅಲ್ಲಿ ದಪ್ಪ ಕೊಟ್ಟು ನಡುವೆ ಮಣ್ಣು ಏರಿಸಿರ್ತಾರೆ. ಕಾಂಕ್ರೀಟ್ ಹಾಕೋ ದಿನ ಬೆಳಗ್ಗೆ ಎರಡೂ ಅಂಚಿಗೆ ಕಾಂಕ್ರೀಟ್ ತಡೆಯೋಕೆ ನಿಲ್ಲಿಸಿದ ಪಟ್ಟಿಗಳ ಮೇಲ್ತುದಿಗೆ ದಾರ ಕಟ್ಟಿಸಿ, ನಡುವೆ ದಾರದಿಂದ ನೆಲಕ್ಕೆ ಎಷ್ಟು ಆಳ ಇದೆ ಅಂತ ಅಳೀರಿ. 1:1.5:3 ಮಿಶ್ರಣವಾದರೆ (ಸಿಮೆಂಟ್, ಮರಳು, ಜಲ್ಲಿ) ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್, ಅಂದರೆ 45ಕ್ಕೆ 360 ಚೀಲ ಬೇಕು. ಖಾಲಿ ಚೀಲ ಎಣಿಸೋಕೆ ಎಂಜಿನಿಯರಿಂಗ್ ಓದಬೇಕಿಲ್ಲ. ಕ್ಯೂರಿಂಗ್, ಅಂದರೆ ನೀರು ಹಾಕಿ ತೇವವಾಗಿಡೋದು, ಕನಿಷ್ಠ 7 ದಿನ ಆಗಲೇಬೇಕು, 14 ಆದರೆ ಒಳ್ಳೇದು.

ಬೋರ್‌ವೆಲ್ ಆದರೆ ಕೇಸಿಂಗ್ ಪೈಪ್ ಇಳಿಸೋ ಹೊತ್ತಿಗೆ ಅಲ್ಲಿರಿ. ಒಳಗೆ ಹೋದ ಮೇಲೆ ಅದರ ಉದ್ದ ಯಾರಿಗೂ ಕಾಣಿಸಲ್ಲ.

ವಾರ್ಡ್ ಸದಸ್ಯೆ:
ತುಂಬಾ ಉಪಕಾರ ಆಯ್ತು ಸರ್. ಎಂಬಿ ಕೇಳಿದರೆ "ಎಂಜಿನಿಯರ್ ಹತ್ರ ಇದೆ" ಅಂದುಬಿಡ್ತಾರಲ್ಲ?

ಅಳತೆ ಟೇಪು:
ಬಾಯಲ್ಲಿ ಕೇಳಬೇಡಿ. ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಕಾಮಗಾರಿ ಹೆಸರು, ವರ್ಷ ಬರೆದು ಅರ್ಜಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿ. ಮುಂದಿನ ಸಭೆಯಲ್ಲಿ "ಎಂಬಿ ಮಂಡಿಸುವವರೆಗೆ ಈ ಬಿಲ್ಲಿಗೆ ನನ್ನ ಒಪ್ಪಿಗೆ ಇಲ್ಲ" ಅಂತ ಬರೆಸಿ. ಆದರೂ ಕೊಡದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಲೇಬೇಕು.

ನೀರಗಂಟಿ:
ಅಕ್ಕಾರ, ಬ್ಲೀಚಿಂಗ್ ಲೆಕ್ಕ ನಾ ಹೇಳ್ತೀನ್ರಿ. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 1 ಮಿ.ಗ್ರಾಂ ಕ್ಲೋರಿನ್ ಅಂದ್ರ 50 ಗ್ರಾಂ ಬೇಕು. ಪುಡಿಯೊಳಗ ಕ್ಲೋರಿನ್ ಶೇ. 25 ಇದ್ರ 200 ಗ್ರಾಂ ಪುಡಿ ಆತು. ದಿನಕ್ಕ ಎರಡು ಸಲ ಟ್ಯಾಂಕ್ ತುಂಬಿದ್ರ 400 ಗ್ರಾಂ, ತಿಂಗಳಿಗೆ 12 ಕೆ.ಜಿ. ನೀರು ಕೆಟ್ಟಿದ್ರ ಇದರ ಎರಡರಷ್ಟು ಹಾಕಬೇಕಾಗಬಹುದು. ಆದ್ರ ಇಂಥ ಒಂದೇ ಟ್ಯಾಂಕಿಗೆ ತಿಂಗಳಿಗೆ 100 ಕೆ.ಜಿ. ಬಿಲ್ ಬಂದ್ರ ಕೇಳಲೇಬೇಕ್ರಿ.

ಚೀಲ ಬಾಯಿ ಬಿಚ್ಚಿಟ್ರ, ತಂಪು ತಗುಲಿದ್ರ ಪುಡಿ ಸತ್ವ ಕಳಕೊಂತೈತಿ. ಅದಕ್ಕ ಬರೇ ತೂಕ ನೋಡಬ್ಯಾಡ್ರಿ. ಪುಡಿ ನೇರ ಟ್ಯಾಂಕಿಗೆ ಸುರೀಬಾರದು. ಬಕೆಟ್‌ನ್ಯಾಗ ಕಲಸಿ, ಸುಣ್ಣ ತಳಕ್ಕ ಕುಂತ ಮ್ಯಾಲ ತಿಳಿ ನೀರಷ್ಟ ಹಾಕಬೇಕು. ಅರ್ಧ ತಾಸು ಬಿಟ್ಟು ವಾಲ್ವ್ ತಗೀರಿ. ಟ್ಯಾಂಕಿನ ಹತ್ರ ಅಲ್ಲ, ಓಣಿಯ ಕಟ್ಟಕಡೀ ನಳದಾಗ ಕ್ಲೋರೋಸ್ಕೋಪ್ (ಕ್ಲೋರಿನ್ ಅಳಿಯೂ ಸಾಧನ) ಹಿಡೀಬೇಕು. ಅಲ್ಲಿ ಲೀಟರಿಗೆ 0.2 ಮಿ.ಗ್ರಾಂ ಕ್ಲೋರಿನ್ ಉಳದಿರಬೇಕು. ಉಳದಿಲ್ಲ ಅಂದ್ರ ಪುಡಿ ಸತ್ತೈತಿ, ಇಲ್ಲಾ ನಡುವ ಪೈಪ್ ಒಡದು ಗಟಾರ ನೀರು ಸೇರಾಕತ್ತೈತಿ. ಪುಡಿ ಹೆಚ್ಚು ಮಾಡೂಕಿಂತ ಮೊದಲ ಪೈಪ್ ನೋಡ್ರಿ. ಬ್ಲೀಚಿಂಗ್‌ನಿಂದ ಫ್ಲೋರೈಡು, ನೈಟ್ರೇಟು ಹೋಗೂದಿಲ್ಲ, ಅದಕ್ಕ ನೀರು ಬ್ಯಾರೆ ಪರೀಕ್ಷೆಗೆ ಕಳಸಬೇಕು.

ಹಳೇ ಲೆಕ್ಕ:
ಡಾಂಗಲ್ ವಿಷಯ ಬಿಟ್ಟುಹೋಗಿತ್ತು. ಪಾವತಿಗೆ ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಡಿಜಿಟಲ್ ಸಹಿ ಬೇಕು. ಒಬ್ಬರು ತಪ್ಪಿದರೆ ಇನ್ನೊಬ್ಬರು ತಡೆಯಲಿ ಅಂತಲೇ ಎರಡು ಕೀಲಿ ಇಟ್ಟಿರೋದು. ಎರಡೂ ಒಂದೇ ಡ್ರಾದಲ್ಲಿದ್ದು, ಪಿನ್ ಚೀಟಿಯಲ್ಲಿ ಬರೆದಿಟ್ಟಿದ್ದರೆ ಬೀಗಕ್ಕೆ ಅರ್ಥವೇ ಇಲ್ಲ. ಡಾಂಗಲ್ ಅಧ್ಯಕ್ಷೆಯ ಹತ್ತಿರವೇ ಇರಬೇಕು, ಅವರ ಗಂಡನ ಹತ್ತಿರವೂ ಅಲ್ಲ. ಪಿನ್ ಈಗಲೇ ಬದಲಾಯಿಸಲಿ. ವಾರಕ್ಕೊಂದು ದಿನ ಗೊತ್ತುಮಾಡಿ, ಪ್ರತಿ ಪಾವತಿಗೂ ಠರಾವಿನ ನಂಬರು, ಬಿಲ್ಲು, ಎಂಬಿ ಪುಟ ಮೂರನ್ನೂ ಮುಂದಿಟ್ಟುಕೊಂಡು ತಾವೇ ಸಹಿ ಮಾಡಲಿ. ಓದೋಕೆ ತೊಡಕಾದರೆ ನೀವು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳಿ. ಅವರ ಹೆಸರಲ್ಲಿ ಆದ ಪಾವತಿಗೆ ಆಡಿಟ್‌ನಲ್ಲಿ ಜವಾಬು ಕೊಡಬೇಕಾದವರು ಅವರೇ, ಆಪರೇಟರ್ ಅಲ್ಲ.