ಸಹಾಯ ಬೇಕು: ಮಳೆ ಕಡಿಮೆಯಿದ್ದರೂ ಪಾಸೋ ಕಾಡಿನಲ್ಲಿ ಮರಜಾತಿಗಳು ಹೆಚ್ಚೇಕೆ?

ಎಲ್ಲರಿಗೂ ನಮಸ್ಕಾರ. ತಗ್ಗು ಪ್ರದೇಶದ ಮಳೆಕಾಡುಗಳ ಮರವೈವಿಧ್ಯದ ಬಗ್ಗೆ ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಪಾಠವೊಂದನ್ನು ಬರೆಯುತ್ತಿದ್ದು, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಪನಾಮಾದ ಬಾರೋ ಕೊಲರಾಡೋ ದ್ವೀಪದಲ್ಲಿಯೂ ಮಲೇಷ್ಯಾದ ಪಾಸೋ ಕಾಡಿನಲ್ಲಿಯೂ 50 ಹೆಕ್ಟೇರಿನ ಅಧ್ಯಯನ ತಾಕುಗಳಿವೆ. ಎದೆಮಟ್ಟದಲ್ಲಿ 1 ಸೆಂ.ಮೀ. ದಪ್ಪವಿರುವ, ಅಂದರೆ ಕಿರುಬೆರಳಿನಷ್ಟು ತೆಳುವಾದ ಗಿಡವನ್ನೂ ಬಿಡದೆ ಎರಡೂ ಕಡೆ ಎಣಿಸಿ ಗುರುತಿಸಿದ್ದಾರೆ. ಮೊದಲನೆಯದರಲ್ಲಿ ಸಿಕ್ಕಿದ್ದು ಸುಮಾರು 300 ಜಾತಿಗಳು, ಪಾಸೋದಲ್ಲಿ 800ಕ್ಕೂ ಹೆಚ್ಚು. ಮಳೆ ಹೆಚ್ಚಿದಂತೆ ವೈವಿಧ್ಯವೂ ಹೆಚ್ಚುತ್ತದೆಂದು ಬರೆದಿಟ್ಟಿದ್ದೆ. ಆದರೆ ಪಾಸೋದ ವಾರ್ಷಿಕ ಮಳೆ ಸುಮಾರು 1,800 ಮಿ.ಮೀ. ಮಾತ್ರ, ಪನಾಮಾದ ದ್ವೀಪದ್ದು ಸುಮಾರು 2,600 ಮಿ.ಮೀ.

ಮೊತ್ತಕ್ಕಿಂತ ಮಳೆಯ ಹಂಚಿಕೆ ಮುಖ್ಯವಿರಬಹುದೆಂದು ನೋಡಿದೆ: ಪನಾಮಾದಲ್ಲಿ ಸುಮಾರು ನಾಲ್ಕು ತಿಂಗಳು ಒಣಗಾಲ, ಪಾಸೋದಲ್ಲಿ ವರ್ಷವಿಡೀ ಮಳೆ. ತಾಯಿಮರದ ಬುಡದಲ್ಲಿ ಅದೇ ಜಾತಿಯ ಸಸಿಗಳನ್ನು ಕೀಟ, ಶಿಲೀಂಧ್ರಗಳು ಕೊಲ್ಲುವುದರಿಂದ ಬೇರೆ ಜಾತಿಗಳಿಗೆ ಜಾಗ ಸಿಗುತ್ತದೆ ಎಂಬ ಜಾನ್ಸೆನ್–ಕಾನೆಲ್ ವಾದವನ್ನೂ ಓದಿದೆ. ನನಗೆ ಬಹಳ ಇಷ್ಟವಾದ ವಾದವದು, ಆದರೆ ಒಂದೇ ಕಾಡಿನಲ್ಲಿ ಹಲವು ಜಾತಿಗಳು ಒಟ್ಟಿಗೆ ಬಾಳುವುದನ್ನು ವಿವರಿಸುತ್ತದೆಯೇ ಹೊರತು ಎರಡು ಕಾಡುಗಳ ನಡುವಿನ ಇಷ್ಟು ದೊಡ್ಡ ಅಂತರವನ್ನಲ್ಲ. ಮೇಲಾಗಿ ಪಾಸೋದಲ್ಲಿ ಎಣಿಸಿದ ಕಾಂಡಗಳ ಸಂಖ್ಯೆಯೇ ಹೆಚ್ಚು; ಹೆಚ್ಚು ಕಾಂಡಗಳನ್ನು ಎಣಿಸಿದಷ್ಟೂ ಹೆಚ್ಚು ಜಾತಿಗಳು ಸಿಗುವುದು ಸಹಜ.

ಬಲ್ಲವರು ದಯವಿಟ್ಟು ತಿಳಿಸಿ: ಈ ಅಂತರಕ್ಕೆ ಒಣಗಾಲವನ್ನೇ ಮುಖ್ಯ ಕಾರಣವೆಂದು ಬರೆಯಬಹುದೇ, ಅಥವಾ ಆ ಪ್ರದೇಶಗಳ ಸಸ್ಯಸಂಪತ್ತಿನ ದೀರ್ಘ ಇತಿಹಾಸವನ್ನು ಮೊದಲು ಹೇಳಬೇಕೇ? ಹೋಲಿಸುವ ಮುನ್ನ ಕಾಂಡಗಳ ಸಂಖ್ಯೆಯನ್ನು ಸಮಗೊಳಿಸುವುದು ಹೇಗೆ?