ಸಹಾಯ ಬೇಕು: 4294967297ರ ಅಪವರ್ತನದಲ್ಲಿ 64 ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ. 4294967297 ಎರಡು ದಿನದಿಂದ ತಲೆಯಿಂದ ಇಳಿಯುತ್ತಿಲ್ಲ. 2ರ 32ನೇ ಘಾತಕ್ಕೆ 1 ಕೂಡಿಸಿದರೆ ಬರುವ ಸಂಖ್ಯೆ ಇದು. ಗಣಿತಜ್ಞ ಫರ್ಮಾ ಇದನ್ನು ಅವಿಭಾಜ್ಯ ಅಂದುಕೊಂಡಿದ್ದ, 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದು 641ರಿಂದ ಭಾಗವಾಗುತ್ತದೆ ಅಂತ ತೋರಿಸಿದ. ನಾನೇ ಹಾಳೆ ಮೇಲೆ ಭಾಗಿಸಿ ನೋಡಿದೆ, 6700417 ಬಂತು, ಶೇಷ ಸೊನ್ನೆ, ತುಂಬಾ ಖುಷಿಯಾಯಿತು!

4294967297ರ ಅವಿಭಾಜ್ಯ ಅಪವರ್ತನಗಳನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕಂತೆ, ಹಾಗಾಗಿ 193, 257, 449, 577 ನೋಡಿದ ಮೇಲೆ ಐದನೆಯದೇ 641, ಹುಡುಕುವ ಕೆಲಸ ಎಷ್ಟು ಕಡಿಮೆಯಾಯಿತು ಅಲ್ವಾ. ಆದರೆ ಆ 64 ಯಾಕೆ? 2ರ ಘಾತಗಳನ್ನು 641ರಿಂದ ಭಾಗಿಸುತ್ತಾ ಹೋದೆ, 32ನೇ ಘಾತಕ್ಕೆ ಶೇಷ 640, 64ನೇ ಘಾತಕ್ಕೆ 1. ಅಲ್ಲಿಗೆ ನಿಂತಿದ್ದೇನೆ. ಸುಮ್ನೆ ಸೂತ್ರ ಬೇಡ, ಕಾರಣ ಬೇಕು. ಯಾರಾದರೂ ಹಂತ ಹಂತವಾಗಿ ಹೇಳಿಕೊಡ್ತೀರಾ?